ಒಂದು ಮನೆಗೆ ಒಂದೇ ನಂಬರು

ಸ್ಯಾಂಡ್‌ವಿಕೆನ್ ನೋಡಲು ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು. ಅದು ಸ್ವೀಡನ್ನಿನ ಒಂದು ಉಕ್ಕಿನ ಕಾರ್ಖಾನೆಯ ಊರು. ಅಲ್ಲಿಗೆ ಹೋಗುವವರು ಒಂದೋ ಅಲ್ಲಿ ಕೆಲಸ ಸಿಕ್ಕವರು, ಇಲ್ಲವೇ ಕೆಲಸ ಸಿಕ್ಕವರ ನೆಂಟರು. ಊರು ನೋಡುವುದಕ್ಕೆಂದೇ ಶನಿವಾರ ಬೆಳಿಗ್ಗೆ ಎದ್ದು, ಎರಡು ಲೆನ್ಸು, ಒಂದು ಟ್ರೈಪಾಡು, ಒಂದು ಡಬ್ಬಿ ಪುಳಿಯೋಗರೆ ಹೊತ್ತುಕೊಂಡು ಆ ರೈಲು ಹತ್ತಿದವರು ಬಹುಶಃ ನಾವಿಬ್ಬರೇ. "ಇದೊಂದು ಬಾಕಿ ಉಳಿದಿದೆ, ನೋಡಿಬಿಡೋಣ" ಎಂದಿದ್ದರು ನನ್ನ ಗಂಡ. ಬಾಕಿ ಅನ್ನುವ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಫೋಟೋ ಹುಚ್ಚಿನವರಿಗೆ ಚಿಮಣಿಯೂ ಚೆಂದವೇ ಇರಬೇಕು ಎಂದುಕೊಂಡು ಕಿಟಕಿ ಪಕ್ಕ ಕೂತು ಓದಲು ಶುರು ಮಾಡಿದೆ.

ಓದುತ್ತಿದ್ದದ್ದು ಹಲ್ಲಿನ ವಿಷಯ. ನಾನು ಹಲ್ಲಿನ ಡಾಕ್ಟರು. ಹಾಗೆಂದು ಹೇಳಿಕೊಳ್ಳುವ ಹಕ್ಕು ಈ ದೇಶದಲ್ಲಿ ಇನ್ನೂ ಬಂದಿರಲಿಲ್ಲ, ಅಷ್ಟೇ. ಬೆಂಗಳೂರಿನಲ್ಲಿ ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಜನ ನನ್ನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. ಇವರಿಗೆ ಕಿಸ್ತಾದಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ, ಇವರ ಹೆಂಡತಿ ಎಂಬ ವೀಸಾದಲ್ಲಿ ನಾನೂ ಬಂದು, ಅದರ ಹತ್ತಿರದ ಸೊಲ್ಲೆಂಟುನಾದಲ್ಲಿ ಮನೆ ಮಾಡಿದೆವು. ಇಲ್ಲಿ ನನ್ನ ಡಿಗ್ರಿ ಬರೀ ಕಾಗದ. ಮೊದಲು ಭಾಷೆ ಕಲಿಯಬೇಕು, ಆಮೇಲೆ ಬರೆಯುವ ಪರೀಕ್ಷೆ, ಆಮೇಲೆ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಅಲ್ಲಿಯವರೆಗೆ ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಇನ್ನೊಬ್ಬ ಡಾಕ್ಟರ ಪಕ್ಕದಲ್ಲಿ ಎಂಜಲು ಹೀರುವ ಪೈಪು ಹಿಡಿದುಕೊಂಡು ನಿಲ್ಲುವ ಸಹಾಯಕಿ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ನನಗೆ ಎರಡೂ ಇದ್ದು ಅಗಿಯುವ ಅನುಮತಿ ಇರಲಿಲ್ಲ.

ಆದರೆ ಭಾಷೆ ಮುಗಿದಿತ್ತು. ಬರೆಯುವ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಗಿತ್ತು. ಉಳಿದದ್ದು ಕೈಕೆಲಸದ ಪರೀಕ್ಷೆ ಒಂದೇ, ಅದೂ ಶರತ್ಕಾಲಕ್ಕೆ ಗೊತ್ತಾಗಿತ್ತು. ಊಟದ ಮೇಜಿನ ಅಂಚಿಗೆ ಒಂದು ಪ್ಲಾಸ್ಟಿಕ್ ದವಡೆಯನ್ನು ಕ್ಲ್ಯಾಂಪು ಹಾಕಿ ಬಿಗಿದಿದ್ದೆ. ಕೆಲಸದಿಂದ ಬಂದು, ಅಡುಗೆ ಮುಗಿಸಿ, ಅದರ ಒಂದೊಂದು ಹಲ್ಲನ್ನೂ ಕೊರೆಯುತ್ತ ಕೂರುತ್ತಿದ್ದೆ. ಇವರು ಅದರ ಎದುರಿಗೇ ಕೂತು ಊಟ ಮಾಡುತ್ತಿದ್ದರು. ಆ ದವಡೆ ನಮ್ಮ ಮನೆಯ ಮೂರನೆಯ ಸದಸ್ಯ ಎಂದು ಬಂದವರಿಗೆಲ್ಲ ತಮಾಷೆ ಮಾಡುತ್ತಿದ್ದವರೂ ಇವರೇ. ನಮಗೆ ಮಕ್ಕಳಿಲ್ಲ, ಅದರ ಕಥೆ ಬೇರೆ, ಇಲ್ಲಿ ಬೇಡ.

ಇವರಿಗೆ ಕ್ಯಾಮೆರಾ ಹುಚ್ಚು ಮದುವೆಗೆ ಮೊದಲಿನಿಂದ ಇತ್ತು. ಸ್ವೀಡನ್ನಿಗೆ ಬಂದ ಮೇಲೆ ಅದು ಮಿತಿ ಮೀರಿತು. ಇಲ್ಲಿನ ಬೆಳಕು ಓರೆಯಾಗಿ ಬೀಳುತ್ತದಂತೆ, ಅಂಥ ಬೆಳಕು ಬೆಂಗಳೂರಿನಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ. ಇವರ ಕೆಲಸ ತೆಗೆಯುವುದು, ನನ್ನ ಕೆಲಸ ನಿಲ್ಲುವುದು. ಕಟ್ಟಡ ಎಷ್ಟು ದೊಡ್ಡದೆಂದು ನೋಡಿದವರಿಗೆ ತಿಳಿಯಬೇಕಾದರೆ ಅದರ ಬುಡದಲ್ಲೊಂದು ನರಪ್ರಾಣಿ ಇರಬೇಕು. ಹಾಗಾಗಿ ಯೂರೋಪಿನ ಎಷ್ಟೋ ಚರ್ಚುಗಳ ಬಾಗಿಲಲ್ಲಿ, ಕೋಟೆಗಳ ಕೆಳಗೆ, ಸೇತುವೆಗಳ ನಡುವೆ ಕೆಂಪು ಕೋಟಿನ ಒಂದು ಚುಕ್ಕೆ ಕಾಣುತ್ತದೆ, ಅದು ನಾನು. ಕೋಟು ಕೊಡಿಸಿದ್ದೂ ಇವರೇ, ಹಿಮದಲ್ಲಿ ಎದ್ದು ಕಾಣಲಿ ಎಂದು. ಸ್ವಲ್ಪ ಎಡಕ್ಕೆ ಹೋಗು, ಕೈ ಜೇಬಿನಿಂದ ತೆಗಿ, ಮುಖ ಆ ಕಡೆ ತಿರುಗಿಸು ಅನ್ನುತ್ತಿದ್ದರು. ಮುಖ ಆ ಕಡೆ ಎಂದಮೇಲೆ ನಾನೇ ಯಾಕಾಗಬೇಕು, ದಾರಿಯಲ್ಲಿ ಹೋಗುವ ಯಾರನ್ನಾದರೂ ನಿಲ್ಲಿಸಿಕೊಳ್ಳಿ ಎಂದು ನಾನು ರೇಗುತ್ತಿದ್ದೆ. ಬೇರೆಯವರು ಇಷ್ಟು ಹೊತ್ತು ನಿಲ್ಲುವುದಿಲ್ಲ ಎಂಬುದು ಇವರ ಉತ್ತರ. ನಿಜವೇ. ವಿಸ್ಬಿಯ ಹಳೆಯ ಕೋಟೆಗೋಡೆಯ ಮುಂದೆ ಒಂದು ಮೋಡ ಸರಿಯಲಿ ಎಂದು ನಾನು ಕದಲದೆ ನಿಂತಿದ್ದಾಗ ಆ ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, ಮೈ ಹುಷಾರಿದೆಯಾ ಎಂದು ಕೇಳಿದ್ದಳು.

ರೇಗುತ್ತಿದ್ದೆ ನಿಜ, ಆದರೆ ಸುಖವಾಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಹೋದ ವರ್ಷದ ವಸಂತಕಾಲದಲ್ಲಿ ನನ್ನಷ್ಟು ಸುಖಿ ಸೊಲ್ಲೆಂಟುನಾದಲ್ಲಿ ಇನ್ನೊಬ್ಬಳಿರಲಿಲ್ಲ. ವರ್ಷಕ್ಕೊಂದು ಪ್ರವಾಸಕ್ಕೂ ರಜೆ ಇಲ್ಲ ಎಂದು ಗೊಣಗುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಪ್ರಾಗ್ ಎಂದರು, ವಿಯೆನ್ನಾ ಎಂದರು, ಉತ್ತರದ ಹಿಮ ಕರಗುವ ಮೊದಲು ಅಬಿಸ್ಕೊ ಎಂದರು. ಒಂದು ವಾರ ಬಿಟ್ಟು ಒಂದು ವಾರ ಬ್ಯಾಗು ಕಟ್ಟುವುದೇ ಆಯಿತು. ನಾನು ಪರೀಕ್ಷೆ ಇದೆ ಅಂದರೆ, "ಪರೀಕ್ಷೆ ಎಲ್ಲಿಗೆ ಓಡಿ ಹೋಗುತ್ತೆ, ಬಾ. ಟ್ರೈನಲ್ಲಿ ಓದ್ಕೊ" ಅನ್ನುತ್ತಿದ್ದರು. ಹೊಸದಾಗಿ ಮದುವೆಯಾದಾಗ ಸಿಗದ ಸುತ್ತಾಟ ಈಗ ಸಿಗುತ್ತಿದೆ, ಮೂಗು ಮುರಿಯುವುದು ಯಾಕೆ ಎಂದುಕೊಂಡು ನಾನೂ ಟ್ರೈನಲ್ಲಿ ಓದಿದೆ, ಹಡಗಿನಲ್ಲಿ ಓದಿದೆ, ವಿಮಾನ ನಿಲ್ದಾಣಗಳ ಬೆಂಚಿನ ಮೇಲೆ ಓದಿದೆ.

ಗೋಥೆನ್‌ಬರ್ಗಿಗೆ ಹೋದಾಗ ಎರಡು ದಿನವೂ ಟ್ರಾಮಿನಲ್ಲೇ ಓಡಾಡಿದೆವು. ಸಣ್ಣ ಸಣ್ಣ ಚೀಟಿಗಳ ಒಂದು ಕಡೆ ಸ್ವೀಡಿಷ್ ಶಬ್ದ, ಇನ್ನೊಂದು ಕಡೆ ಅದರ ಅರ್ಥ ಬರೆದುಕೊಂಡಿದ್ದೆ. ಒಸಡು, ಬೇರು, ಊತ, ಕೀವು, ಹೀಗೆ. ರೋಗಿಯ ಜೊತೆ ಮಾತಾಡುವುದೂ ಆ ಪರೀಕ್ಷೆಯ ಭಾಗ. ದ್ವೀಪಗಳಿಗೆ ಹೋಗುವ ದೋಣಿ ಹಿಡಿಯಲು ಟ್ರಾಮಿನ ಕೊನೆಯ ನಿಲ್ದಾಣದವರೆಗೆ ಹೋಗಬೇಕು. ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿ, ತುಟಿ ಆಡಿಸುತ್ತ ಚೀಟಿ ತಿರುವಿ ಹಾಕುತ್ತಿದ್ದೆ. ಯಾವಾಗಲೋ ಕ್ಲಿಕ್ ಎಂದ ಸದ್ದು ಕೇಳಿ ತಲೆ ಎತ್ತಿದರೆ ಇವರು ಎದುರು ಸೀಟಿನಿಂದ ನನ್ನ ಫೋಟೋ ತೆಗೆದಿದ್ದರು. ಕಟ್ಟಡವಿಲ್ಲ, ಕೋಟೆಯಿಲ್ಲ, ನಾನೊಬ್ಬಳೇ, ಅದೂ ಮುಖ ಈ ಕಡೆ. ಚೆನ್ನಾಗಿ ಬಂದಿದೆಯಾ ಎಂದು ಕೇಳಿದೆ. ಅವರು ಕ್ಯಾಮೆರಾದ ಹಿಂದಿನ ಪರದೆಯನ್ನು ಬಹಳ ಹೊತ್ತು ನೋಡಿ, ಚೆನ್ನಾಗಿದೆ ಎಂದರು. ಅವರ ದನಿ ಯಾಕೋ ಮೆತ್ತಗಾಗಿತ್ತು. ನನ್ನ ಮೇಲಿನ ಪ್ರೀತಿ ಎಂದುಕೊಂಡೆ. ಪ್ರೀತಿ ಇರಲಿಲ್ಲ ಎಂದು ಈಗಲೂ ಹೇಳಲಾರೆ, ಅದೇ ನನ್ನ ಕಷ್ಟ.

ಆ ದಿನಗಳಲ್ಲೇ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಸೊಲ್ಲೆಂಟುನಾ, ಕಿಸ್ತಾ ಸುತ್ತಮುತ್ತಲ ಕನ್ನಡದ ಮನೆಗಳವರು ನಮ್ಮನ್ನು ಸಾಲಾಗಿ ಊಟಕ್ಕೆ ಕರೆಯತೊಡಗಿದರು. ಒಂದು ಭಾನುವಾರ ಒಬ್ಬರ ಮನೆಯಲ್ಲಿ ಹೋಳಿಗೆ, ಇನ್ನೊಂದು ಭಾನುವಾರ ಇನ್ನೊಬ್ಬರ ಮನೆಯಲ್ಲಿ ಬಿಸಿಬೇಳೆಬಾತ್. ಹೊರಡುವಾಗ ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ. ಸ್ವೀಡನ್ನಿನಲ್ಲಿ ವೀಳ್ಯದೆಲೆ ಹೊಂದಿಸುವುದು ಎಂಥ ಕಷ್ಟ ಎಂದು ಇಲ್ಲಿರುವವರಿಗೇ ಗೊತ್ತು. ಮೈಸೂರಿನ ಒಬ್ಬರಂತೂ ನನ್ನ ಕೈ ಹಿಡಿದು, ಹೋಗಿ ಬನ್ನಿ, ನಮ್ಮನ್ನ ಮರೀಬೇಡಿ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮುಂದಿನ ವಾರ ವಿಯೆನ್ನಾಕ್ಕೆ ಹೊರಟಿದ್ದೆವು. ವಿಯೆನ್ನಾಕ್ಕೆ ಹೋಗಿ ಬರುವುದಕ್ಕೆ ಇಷ್ಟೊಂದು ಯಾಕೆ ಎಂದು ನನಗೆ ನಗು ಬಂತು. ದಾರಿಯಲ್ಲಿ ಇವರಿಗೆ ಹೇಳಿದಾಗ, "ಅವರು ಸ್ವಲ್ಪ ಹಾಗೇನೇ" ಎಂದರು. ರವಿಕೆ ಕಣಗಳನ್ನೆಲ್ಲ ಪರೀಕ್ಷೆಗೆ ಆಶೀರ್ವಾದ ಎಂದು ಭಾವಿಸಿ ಬೀರುವಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟೆ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಈ ಭಾಗದ ಕನ್ನಡದವರಿಗೊಂದು ವಾಟ್ಸಾಪ್ ಗುಂಪಿದೆ. ಯುಗಾದಿ ಊಟ ಎಲ್ಲಿ, ಊರಿಂದ ಬರುವವರು ಯಾರಿಗಾದರೂ ಹುಣಸೆಹಣ್ಣು ತರುತ್ತಾರಾ, ಕೊಮ್ಯೂನಿನವರು, ಅಂದರೆ ಇಲ್ಲಿನ ಪುರಸಭೆಯವರು, ಸಭಾಂಗಣ ಬಾಡಿಗೆಗೆ ಕೊಟ್ಟರಾ, ಇಂಥದ್ದೆಲ್ಲ ಅಲ್ಲಿ. ಎಲ್ಲರೂ ಸೇರಿಕೊಂಡರೆ ಗುಡ್ ಮಾರ್ನಿಂಗ್ ಸಂದೇಶಗಳಲ್ಲೇ ಮುಳುಗಿ ಹೋಗುತ್ತೇವೆ ಎಂದು ಯಾರೋ ಹೇಳಿ, ಒಂದು ಮನೆಗೆ ಒಂದೇ ನಂಬರು ಎಂದು ನಿಯಮವಾಯಿತು. ಆ ಒಂದು ನಂಬರು ಗಂಡನದೇ ಆಗಿರಬೇಕೆಂದು ಯಾರೂ ಹೇಳಲಿಲ್ಲ. ಹೇಳದಿದ್ದರೂ ಒಂದು ಮನೆಯೂ ತಪ್ಪಲಿಲ್ಲ. ಹೆಂಗಸರು ಗಂಡನ ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ನನಗೆ ಅದರ ಪುರುಸೊತ್ತೂ ಇರಲಿಲ್ಲ, ಬೇಕಾದ್ದನ್ನು ಇವರು ಬಾಯಲ್ಲಿ ಹೇಳುತ್ತಿದ್ದರು. ಬೇಕಾದ್ದು ಯಾವುದೆಂದು ತೀರ್ಮಾನಿಸುತ್ತಿದ್ದವರೂ ಅವರೇ ಎಂಬುದು ನನಗೆ ಹೊಳೆದಿರಲಿಲ್ಲ.

ಸ್ಯಾಂಡ್‌ವಿಕೆನ್‌ನಿಂದ ಬಂದ ಮಾರನೆಯ ದಿನ, ಭಾನುವಾರ ಮಧ್ಯಾಹ್ನ, ನಾನು ನಮ್ಮ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿದ್ದೆ. ಇಲ್ಲಿ ಮನೆಮನೆಗೆ ವಾಷಿಂಗ್ ಮಷಿನ್ ಇರುವುದಿಲ್ಲ, ಕಟ್ಟಡಕ್ಕೆಲ್ಲ ಒಂದು ಕೋಣೆ, ಸರದಿ ಪ್ರಕಾರ ಒಗೆದುಕೊಳ್ಳಬೇಕು. ನನ್ನ ನಂತರದ ಸರದಿ ಕೆಳಗಿನ ಮಹಡಿಯ ಹುಬ್ಬಳ್ಳಿಯವರದು. ಒಳ್ಳೆಯ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು. ನಮ್ಮೆದುರು ಯಾವಾಗಲೂ ಬೆಂಗಳೂರಿನ ಮಾತನ್ನೇ ಆಡುತ್ತಾರೆ. ಊರಿನ ಮಾತು ತಂಗಿಯ ಜೊತೆ ಫೋನಿನಲ್ಲಿ ಮಾತ್ರ. ಬಟ್ಟೆ ಬುಟ್ಟಿ ಕೆಳಗಿಟ್ಟು ನನ್ನನ್ನೇ ಒಂದು ಕ್ಷಣ ನೋಡಿ, ಕೇಳಬೇಕೋ ಬೇಡವೋ ಎಂಬಂತೆ ಶುರು ಮಾಡಿದರು.

"ನಿಮ್ ಮುಂದೆ ಈ ಟಾಪಿಕ್ ಎತ್ತಬೇಡಿ ಅಂತ ನಿಮ್ಮನೆಯವ್ರು ಹೇಳಿದಾರೆ, ನಿಮಗೆ ಬೇಜಾರಾಗುತ್ತೆ ಅಂತ. ಆದ್ರೂ ಒಂದ್ ಮಾತು. ಗ್ರೈಂಡರ್ ನಮಗೇ ಅಂತ ಫಿಕ್ಸ್ ಆಗಿದೆ ಅಲ್ವಾ? ಜೂನ್‌ವರೆಗೂ ನೀವೇ ಇಟ್ಕೊಳ್ಳಿ, ಅರ್ಜೆಂಟ್ ಏನಿಲ್ಲ."

ಯಾವ ಗ್ರೈಂಡರು ಎಂದು ಕೇಳಿದೆ. ಅವರು ನಗಲು ನೋಡಿದರು. ನಾನು ನಗಲಿಲ್ಲ. ಇವರು ಮಾರಲಿಕ್ಕೆಂದು ಗುಂಪಿಗೆ ಹಾಕಿದ್ದ ಫೋಟೋಗಳನ್ನು ಆಕೆ ತಮ್ಮ ಗಂಡನ ಫೋನಿನಿಂದ ಕಳಿಸಿಕೊಂಡಿದ್ದರು, ತೆರೆದು ತೋರಿಸಿದರು. ನನ್ನ ಮುಖ ನೋಡಿದವರೇ ಬೆಂಗಳೂರಿನ ಮಾತು ಮರೆತರು.

"ಅಯ್ಯ, ನಿಮಗ ಗೊತ್ತಿಲ್ಲೇನ್ರೀ?"

ಫೋಟೋದಲ್ಲಿದ್ದದ್ದು ನನ್ನ ಗ್ರೈಂಡರು. ಅಡುಗೆಮನೆಯ ಕಿಟಕಿ ಪಕ್ಕ ಇಟ್ಟು, ಎಡಗಡೆಯಿಂದ ಬೆಳಗಿನ ಬೆಳಕು ಬಿಟ್ಟು, ಹಿಂದಿನದನ್ನೆಲ್ಲ ಮಂಜು ಮಾಡಿ ತೆಗೆದ ಚಿತ್ರ. ಪ್ರಾಗ್‌ನ ಚರ್ಚಿಗೆ ಎಷ್ಟು ಶ್ರದ್ಧೆ ವಹಿಸಿದ್ದರೋ ಅಷ್ಟೇ ಶ್ರದ್ಧೆ ಅದಕ್ಕೂ. ಆ ಫೋಟೋ ತೆಗೆದ ಬೆಳಿಗ್ಗೆ ನನಗೆ ನೆನಪಿದೆ. ಗ್ರೈಂಡರಿಗೆ ಯಾಕ್ರೀ ಈ ಭಾಗ್ಯ ಎಂದು ಕೇಳಿದ್ದಕ್ಕೆ ಹೊಸ ಲೆನ್ಸು ಪರೀಕ್ಷೆ ಮಾಡುತ್ತಿದ್ದೇನೆ ಎಂದಿದ್ದರು. ಆಮೇಲೆ ಸೋಫಾ. ಆಮೇಲೆ ಪುಸ್ತಕದ ಕಪಾಟು, ಪುಸ್ತಕಗಳಿಲ್ಲದೆ. ಆಮೇಲೆ ಊಟದ ಮೇಜು.

ಮೇಜಿನ ಮೇಲೆ ಏನೂ ಇರಲಿಲ್ಲ. ನನ್ನ ದವಡೆ ಇಲ್ಲ, ದೀಪ ಇಲ್ಲ, ಚೀಟಿಗಳ ಡಬ್ಬಿ ಇಲ್ಲ. ಅಂಚಿನಲ್ಲಿ ಕ್ಲ್ಯಾಂಪು ಕಚ್ಚಿದ ಗುರುತು ಮಾತ್ರ, ಅದೂ ಹತ್ತಿರ ನೋಡಿದರೆ. ನಾನು ಕ್ಲಿನಿಕ್ಕಿಗೆ ಹೋಗಿದ್ದಾಗ ಎಲ್ಲ ಬಿಚ್ಚಿ, ಫೋಟೋ ತೆಗೆದು, ಮತ್ತೆ ಇದ್ದಲ್ಲಿಯೇ ಇಟ್ಟಿದ್ದರು. ನಾನು ಸಂಜೆ ಬಂದು ಕೂತಾಗ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದ ಹಾಗೆ ಬಿಗಿದಿದ್ದರು.

ಹುಬ್ಬಳ್ಳಿಯವರು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಉಳಿದದ್ದನ್ನು ಹೇಳಿದರು. ಇವರಿಗೆ ಬೆಂಗಳೂರಿನ ಆಫೀಸಿನಲ್ಲಿ ದೊಡ್ಡ ಹುದ್ದೆ ಸಿಕ್ಕಿದೆ, ಜೂನ್ ಕೊನೆಗೆ ಹೊರಡುತ್ತಿದ್ದೇವೆ ಎಂದು ಫೆಬ್ರುವರಿಯಲ್ಲೇ ಗುಂಪಿಗೆ ಹಾಕಿದ್ದಾರೆ. ಎಲ್ಲರೂ ಅಭಿನಂದನೆ ಹೇಳಿದ್ದಾರೆ. ಹೆಂಡತಿಗೆ ಇಲ್ಲಿಂದ ಹೋಗುವುದು ಬಹಳ ಬೇಸರ, ದಯವಿಟ್ಟು ಅವಳ ಮುಂದೆ ಆ ಮಾತು ಎತ್ತಬೇಡಿ ಎಂದೂ ಇವರು ಬರೆದಿದ್ದಾರೆ. ನನ್ನ ಮನಸ್ಸು ನೋಯಬಾರದೆಂದು ಅಷ್ಟು ಮನೆಗಳವರು ಅಷ್ಟು ಭಾನುವಾರ ಊಟ ಹಾಕಿ, ಕುಂಕುಮ ಇಟ್ಟು, ಬಾಯಿ ಮುಚ್ಚಿಕೊಂಡಿದ್ದಾರೆ. ಅವರನ್ನು ಬೈಯುವ ಹಾಗೂ ಇಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ ಎಂದು ನಮ್ಮಮ್ಮ ಅನ್ನುತ್ತಿದ್ದಳು. ಇಲ್ಲಿ ಮಸಾಲೆಯ ವಾಸನೆ ಊರಿಗೆಲ್ಲ ಹೊಡೆದಿತ್ತು, ಕೋಳಿ ಮಾತ್ರ ಪ್ರವಾಸದ ಫೋಟೋಗಳಿಗೆ ನಿಂತಿತ್ತು.

ಒಗೆದ ಬಟ್ಟೆಯನ್ನು ಒಣಗಿಸುವ ಯಂತ್ರಕ್ಕೆ ಹಾಕಿದೆ. ಅದು ಮುಗಿಯುವವರೆಗೂ ಅಲ್ಲೇ ಕೂತಿದ್ದೆ. ಅಬಿಸ್ಕೊ, ವಿಯೆನ್ನಾ, ಗೋಥೆನ್‌ಬರ್ಗ್, ಎಲ್ಲವೂ ಒಂದೊಂದಾಗಿ ತಲೆಯಲ್ಲಿ ಬೇರೆ ಬಣ್ಣಕ್ಕೆ ತಿರುಗತೊಡಗಿದವು. ನಾನು ಹೊಸದಾಗಿ ನೋಡುತ್ತಿದ್ದ ಊರುಗಳನ್ನು ಅವರು ಕೊನೆಯ ಸಲ ನೋಡುತ್ತಿದ್ದರು. ಇಬ್ಬರೂ ಒಂದೇ ರೈಲಿನಲ್ಲಿ ಕೂತು ಬೇರೆ ಬೇರೆ ಪ್ರವಾಸ ಮಾಡಿದ್ದೆವು. ಟ್ರಾಮಿನಲ್ಲಿ ನಾನು ಒಸಡು, ಬೇರು, ಕೀವು ಎಂದು ಬಾಯಿಪಾಠ ಮಾಡುತ್ತಿದ್ದಾಗ ಎದುರು ಕೂತವರಿಗೆ ಗೊತ್ತಿತ್ತು, ಆ ಪರೀಕ್ಷೆಗೆ ನಾನು ಕೂರುವುದಿಲ್ಲ ಎಂದು. ಗೊತ್ತಿದ್ದೂ ಬೆಳಕು ಚೆನ್ನಾಗಿದೆ ಎಂದು ಫೋಟೋ ತೆಗೆದರು. ಮೋಸ ಎಂಬ ಶಬ್ದವನ್ನು ನಾನು ನನ್ನ ಗಂಡನ ವಿಷಯದಲ್ಲಿ ಅವತ್ತಿನವರೆಗೆ ಬಳಸಿರಲಿಲ್ಲ. ಅವತ್ತು ಬಳಸಿದೆ, ಮನಸ್ಸಿನಲ್ಲೇ, ಒಣಗಿದ ದುಪ್ಪಟಿ ಮಡಿಸುತ್ತ.

ಮೇಲೆ ಬಂದಾಗ ಇವರು ಸ್ಯಾಂಡ್‌ವಿಕೆನ್‌ನ ಚಿಮಣಿಗಳನ್ನು ಲ್ಯಾಪ್‌ಟಾಪಿನಲ್ಲಿ ತಿದ್ದುತ್ತ ಕೂತಿದ್ದರು. ಬಟ್ಟೆ ಬುಟ್ಟಿ ಕೆಳಗಿಟ್ಟು, ನಾವು ಜೂನಲ್ಲಿ ಹೊರಡ್ತಿದ್ದೀವಂತೆ ಎಂದೆ. ಅವರ ಕೈ ಮೌಸಿನ ಮೇಲೆ ನಿಂತಿತು. ಯಾರು ಹೇಳಿದರು ಎಂಬುದೇ ಅವರ ಮೊದಲ ಪ್ರಶ್ನೆ. ಆಮೇಲೆ ಕುರ್ಚಿ ತಿರುಗಿಸಿ ನಿಧಾನವಾಗಿ ಎಲ್ಲ ಹೇಳಿದರು. ಹುದ್ದೆಗೆ ಜನವರಿಯಲ್ಲೇ ಒಪ್ಪಿಕೊಂಡಿದ್ದರು. ಇಲ್ಲಿ ಇನ್ನು ಮೇಲೆ ಹೋಗಲು ದಾರಿ ಇಲ್ಲ, ಎರಡು ಸಲ ತಮ್ಮನ್ನು ಬಿಟ್ಟು ಸ್ವೀಡಿಷ್ ಚೆನ್ನಾಗಿ ಬರುವವರನ್ನು ಮೇಲಕ್ಕೆ ಹಾಕಿದರು, ಅಲ್ಲಿ ಹೋದರೆ ನೂರು ಜನ ಕೈಕೆಳಗೆ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ನೀನು ಪುಸ್ತಕ ಹಿಡಿದು ಕೂತಿರುತ್ತಿದ್ದೆ, ಆಗಲಿಲ್ಲ ಎಂದರು. ಅಷ್ಟು ಹೇಳಿ ನಿಲ್ಲಿಸಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಅವರು ನಿಲ್ಲಿಸಲಿಲ್ಲ.

"ಎಲ್ಲಾ ನೋಡಿ ಮುಗಿಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಮೊದಲೇ ಹೇಳಿದ್ರೆ ಪ್ರತಿ ಊರಲ್ಲೂ ನಿನ್ನ ಮುಖ ಸಪ್ಪಗಿರ್ತಿತ್ತು. ಫೋಟೋದಲ್ಲಿ ಗೊತ್ತಾಗ್ಬಿಡುತ್ತೆ."

ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು. ನನಗೆ ಉಪಕಾರ ಮಾಡಿದ್ದೇನೆಂದು ನಿಜವಾಗಿ ನಂಬಿದ್ದರು. ಯೂರೋಪು ತೋರಿಸಿದ್ದು ಅವರ ಲೆಕ್ಕದಲ್ಲಿ ನನ್ನ ಪಾಲಿನ ಉಡುಗೊರೆ. ನಮ್ಮ ಕಡೆ ಇದಕ್ಕೆ ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ. ನನ್ನ ಪರೀಕ್ಷೆ ಏನಾಗಬೇಕು ಎಂದು ಕೇಳಿದೆ. ಬೆಂಗಳೂರಿಗೆ ಹೋದರೆ ನೀನು ಹೇಗೂ ಡಾಕ್ಟರೇ ಅಲ್ಲವಾ, ಈ ಪರೀಕ್ಷೆ ಯಾಕೆ ಬೇಕು, ನಾಳೆ ಬೆಳಿಗ್ಗೆಯೇ ಕ್ಲಿನಿಕ್ ಹಾಕಬಹುದು ಎಂದರು. ಮಾತು ಸುಳ್ಳಲ್ಲ. ಅದಕ್ಕೇ ಮೈ ಇನ್ನಷ್ಟು ಉರಿಯಿತು. ಅಲ್ಲಿಯ ಡಿಗ್ರಿ ಅಪ್ಪ ಓದಿಸಿದ್ದು, ಹತ್ತೊಂಬತ್ತರ ಹುಡುಗಿ ಹೇಳಿದ ಕಾಲೇಜಿಗೆ ಹೋಗಿ ತಂದದ್ದು. ಇದು ಹಾಗಲ್ಲ. ಇದು ಮೂವತ್ತೆಂಟರ ಹೆಂಗಸು, ಮಕ್ಕಳ ಹಾಗೆ ಅ ಆ ಇ ಈ ತಿದ್ದಿ, ತನ್ನ ಹಟಕ್ಕೆ ತಾನೇ ಬಿದ್ದು, ಎಂಜಲಿನ ಪೈಪು ಹಿಡಿದು ಸಂಪಾದಿಸುತ್ತಿರುವುದು. ನಮ್ಮ ಕ್ಲಿನಿಕ್ಕಿಗೆ ಬರುವ ಒಬ್ಬ ವಯಸ್ಸಾದ ಹೆಂಗಸು ಪ್ರತಿಸಲ ಕುರ್ಚಿಯಿಂದ ಇಳಿಯುವಾಗ, ನೀನು ಯಾವಾಗ ಡಾಕ್ಟರು ಕೂರುವ ಕಡೆ ಕೂರುತ್ತೀಯ ಎಂದು ನನ್ನನ್ನು ಕೇಳುತ್ತಿದ್ದಳು. ಶರತ್ಕಾಲಕ್ಕೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಇದನ್ನೆಲ್ಲ ಇವರಿಗೆ ವಿವರಿಸಲು ಹೋಗಲಿಲ್ಲ. ಒಂದು ಮಾತು ಮಾತ್ರ ಹೇಳಿದೆ.

"ಎಲ್ಲಾ ಮಾಡಿದ್ರಿ. ಕೇಳೋದೊಂದು ಬಿಟ್ರಿ."

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಮಾತು ಕಮ್ಮಿಯಾಯಿತು. ಅಡುಗೆ ಮಾಡುತ್ತಿದ್ದೆ, ಬಡಿಸುತ್ತಿದ್ದೆ, ಉಪ್ಪು ಸಾಕಾ ಎಂದು ಕೇಳುತ್ತಿದ್ದೆ, ಅಷ್ಟಕ್ಕೆ ಮುಗಿಯುತ್ತಿತ್ತು. ಇವರು ವಾರಾಂತ್ಯಕ್ಕೆ ಎಲ್ಲಾದರೂ ಹೋಗೋಣವಾ ಎಂದು ಒಂದು ಸಲ ಕೇಳಿ, ನನ್ನ ಮುಖ ನೋಡಿ ಕ್ಯಾಮೆರಾ ಒಳಗಿಟ್ಟರು. ಕನ್ನಡದ ಹೆಂಗಸರಲ್ಲಿ ಕೆಲವರು ಫೋನು ಮಾಡಿ ಕ್ಷಮೆ ಕೇಳಿದರು. ಮೈಸೂರಿನವರು ಮಾತ್ರ, ಗಂಡ ಹೇಳಿದ ಮೇಲೆ ಹೆಂಡತಿಗೆ ಗೊತ್ತಿರೋದಿಲ್ಲ ಅಂತ ಯಾರಿಗೆ ಹೊಳೆಯುತ್ತೆ ಹೇಳಿ ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು, ಇನ್ಯಾರದೋ ಮನೆಯ ವಿಷಯವಾಗಿದ್ದರೆ.

ನನಗಿದ್ದ ದೊಡ್ಡ ತೊಡಕು ವೀಸಾ. ಅದು ಇವರ ವೀಸಾದ ಬಾಲ. ತಲೆ ಹೊರಟರೆ ಬಾಲವೂ ಹೊರಡಬೇಕು. ಕ್ಲಿನಿಕ್ಕಿನಲ್ಲಿ ಬೆಳಗಿನ ಫೀಕಾ ಎಂದರೆ ಎಲ್ಲರೂ ಕೆಲಸ ನಿಲ್ಲಿಸಿ ಒಟ್ಟಿಗೆ ಕಾಫಿ ಕುಡಿಯುವ ಹೊತ್ತು. ಒಂದು ದಿನ ಅದು ಮುಗಿದ ಮೇಲೆ ನಾನು ಎದ್ದು ಹೋಗದೆ ಅಲ್ಲೇ ಕೂತೆ. ಕ್ಲಿನಿಕ್ಕಿನ ಮುಖ್ಯಸ್ಥೆ, ಮಾತು ಕಡಿಮೆಯ ಸ್ವೀಡಿಷ್ ಹೆಂಗಸು, ಏನು ಎಂದು ಕೇಳಿದಳು. ಹೇಳಿದೆ. ಗಂಡನ ವಿಷಯಕ್ಕೆ ಅವಳು ಒಂದು ಮಾತೂ ಆಡಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ನಿನ್ನ ಹೆಸರಿನಲ್ಲೇ ಪರ್ಮಿಟ್ ಕೇಳಬಹುದು, ಕ್ಲಿನಿಕ್ ಕಡೆಯಿಂದ ಬೇಕಾದ್ದು ನಾನು ಮಾಡುತ್ತೇನೆ, ಸಿಗುತ್ತದೆ ಎಂದು ಮಾತು ಕೊಡಲಾರೆ, ಸಿಗದಿದ್ದರೆ ನೀನು ಹೋಗಬೇಕಾಗುತ್ತದೆ ಎಂದಳು. ಕಪ್ಪು ತೊಳೆಯುತ್ತ, ಯೋಚನೆ ಮಾಡಿ ಹೇಳು ಎಂದೂ ಸೇರಿಸಿದಳು. ಯೋಚನೆ ಆಗಿದೆ ಎಂದೆ. ಅವತ್ತೇ ಅರ್ಜಿ ಹಾಕಿದೆವು.

ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ಭಯವಾಗಿತ್ತು. ಮದುವೆಯಾದ ಮೇಲೆ ಒಬ್ಬಳೇ ಒಂದು ವಾರ ಇದ್ದವಳಲ್ಲ. ಊರಲ್ಲಿ ಅಮ್ಮ ಏನನ್ನುತ್ತಾಳೆ, ಅತ್ತೆ ಏನನ್ನುತ್ತಾರೆ, ಗಂಡ ಬಿಟ್ಟವಳು ಎಂದು ಎಷ್ಟು ಬೇಗ ಹಣೆಪಟ್ಟಿ ಬೀಳುತ್ತದೆ ಎಂಬುದೆಲ್ಲ ಗೊತ್ತಿತ್ತು. ನಾನು ಗಂಡನನ್ನು ಬಿಡಲು ಹೊರಟವಳಲ್ಲ. ಈಗಲೂ ಅವರ ಕೆಮ್ಮು ಕೇಳಿದರೆ ಎದ್ದು ಬಿಸಿನೀರು ಕಾಯಿಸುವವಳೇ. ಆದರೆ ಆ ಮನುಷ್ಯ ಪಕ್ಕದಲ್ಲಿ ಕೂತು ನಾನು ಓದುವುದನ್ನು ನೋಡಿಕೊಂಡೇ ಇದ್ದರಲ್ಲ, ಅದೊಂದನ್ನು ಕ್ಷಮಿಸಲಾಗಲಿಲ್ಲ. ಜಗಳವಾಡಿ ಬೇಡ ಎಂದಿದ್ದರೆ ಎದುರು ನಿಂತು ಆಡುತ್ತಿದ್ದೆ. ಆಡಲಿಕ್ಕೂ ಬಿಡದೆ ಸೋಲಿಸಿದ್ದರು.

ಮೇ ಕೊನೆಯ ಒಂದು ಶನಿವಾರ ಬೆಳಿಗ್ಗೆ. ಅವತ್ತು ಕನ್ನಡದವರೆಲ್ಲ ಸೇರಿ ಕೆರೆಯ ದಂಡೆಯಲ್ಲಿ ನಮ್ಮನ್ನು ಬೀಳ್ಕೊಡುವ ಊಟ ಇಟ್ಟುಕೊಂಡಿದ್ದರು. ಈ ಸಲ ಬ್ಯಾನರಿನಲ್ಲಿ ಹೆಸರು ಹಾಕಿಸಿ, ಬಹಿರಂಗವಾಗಿಯೇ. ನಾನು ಉಪ್ಪಿಟ್ಟು ಮಾಡಿ ಇಬ್ಬರಿಗೂ ಬಡಿಸಿ ಕೂತೆ. ಇವರು ಹೊಸ ಜುಬ್ಬಾ ಹಾಕಿಕೊಂಡು, ಯೂರೋಪಿನ ಫೋಟೋಗಳನ್ನೆಲ್ಲ ಸೇರಿಸಿ ಮಾಡಿದ ವೀಡಿಯೋ ಅಲ್ಲಿ ತೋರಿಸಬೇಕೆಂದು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕುತ್ತಿದ್ದರು. ಕೆಂಪು ಕೋಟು ತಗೊ, ಗುಂಪು ಫೋಟೋಕ್ಕೆ ಚೆನ್ನಾಗಿರುತ್ತೆ ಎಂದರು. ಬಿಸಿಲಿದೆ, ಬೇಡ ಎಂದೆ.

ಆಮೇಲೆ, ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿ ಎಂದೆ. ಅರ್ಜಿ ಹಾಕಿದ್ದನ್ನು ಹೇಳಿದೆ. ಪರೀಕ್ಷೆಗೆ ಕೂರುತ್ತೇನೆ, ಅನುಮತಿ ಸಿಕ್ಕರೆ ಇರುತ್ತೇನೆ, ಸಿಗದಿದ್ದರೆ ಬರುತ್ತೇನೆ, ಹೇಗಾದರೂ ಅದು ನಾನು ಓದಿದ್ದಕ್ಕೆ ಆದ ತೀರ್ಮಾನವಾಗಿರುತ್ತದೆ, ನೀವು ಬಚ್ಚಿಟ್ಟಿದ್ದಕ್ಕೆ ಅಲ್ಲ ಎಂದೆ. ಕ್ಲಿನಿಕ್ಕಿನ ಹುಡುಗಿಯೊಬ್ಬಳ ಮನೆಯಲ್ಲಿ ಒಂದು ಕೋಣೆ ನೋಡಿಕೊಂಡಿದ್ದೇನೆ ಎಂದೂ ಹೇಳಿದೆ. ದನಿ ಏರಿಸಲಿಲ್ಲ. ಅವರು ಬ್ಯಾಗಿನ ಜಿಪ್ಪು ಅರ್ಧ ಎಳೆದವರು ಹಾಗೇ ನಿಂತರು. ಒಬ್ಬಳೇ ಹೇಗಿರುತ್ತೀಯ ಎಂದು ಕೇಳುತ್ತಾರೆ ಎಂದುಕೊಂಡೆ. ನನಗೆ ಬೇಜಾರಾಗುತ್ತದೆ ಎನ್ನಬಹುದು ಎಂದುಕೊಂಡೆ. ಬೈದರೂ ಆಗುತ್ತಿತ್ತು. ಕಿಟಕಿಯ ಹೊರಗೆ ನೋಡಿ, ಮತ್ತೆ ನನ್ನ ಕಡೆ ತಿರುಗಿದರು.

"ಈಗ ಅಲ್ಲಿ ಎಲ್ಲರೂ ಕಾಯ್ತಿರ್ತಾರೆ. ಅವರಿಗೆಲ್ಲ ಏನಂತ ಹೇಳ್ಲಿ?"

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ.

"ನಿಜಾನೇ ಹೇಳಿ. ಅವಳು ಬೆಂಗಳೂರಿಗೆ ಬರ್ತಿಲ್ಲ ಅಂತ. ಈ ಸಲ ಅವರಿಗಿಂತ ಮೊದಲು ನನಗೆ ಗೊತ್ತಿದೆ."